ಅವೇರೊದಲ್ಲಿ ಎರಡು ನಿಮಿಷ

ಮೇ 6, ಮಂಗಳವಾರ

…ಸೋಮವಾರ ಮೀನು ತಿನ್ನಬೇಡ ಎನ್ನುತ್ತಿದ್ದವರು ನನ್ನ ಅಪ್ಪನೋ, ಜುಸ್ತಿನಾಳ ಅಪ್ಪನೋ. ಭಾನುವಾರ ದೋಣಿಗಳು ಕಡಲಿಗೆ ಇಳಿಯುವುದಿಲ್ಲ, ಸೋಮವಾರ ತಟ್ಟೆಗೆ ಬರುವುದು ಶನಿವಾರದ ಮೀನು. ಅದರ ಹಿಂದೆಯೇ ಇನ್ನೊಂದು ಮಾತು ಇತ್ತು, ಪಾದ್ರಿಗಳ ಬಗ್ಗೆಯೋ ಅತ್ತೆಯರ ಬಗ್ಗೆಯೋ, ಎಲ್ಲರೂ ನಗುತ್ತಿದ್ದರು. ಅದು ಮರೆತಿದೆ. ಮೀನಿನ ಸಲಹೆ ಮಾತ್ರ ಉಳಿದಿದೆ. ಅದನ್ನೇ ಮೊದಲನೆಯದಾಗಿ ಬರೆದೆ.

ನೊಯೇಮಿಯಾಳಿಂದ ಪತ್ರ ಬಂದಿದೆ, ಮೇಲ್‌ನಲ್ಲಿ. ನೊಯೇಮಿಯಾ ನನ್ನ ಮಗಳು. ನನ್ನದೇ ಪುಸ್ತಕದಲ್ಲಿ ಇದನ್ನು ಯಾರಿಗೆ ಹೇಳುತ್ತಿದ್ದೇನೋ. ಬರೆದು ನೋಡೋಣ ಅನಿಸಿತು, ಅಷ್ಟೆ. ಈಗ ಇಪ್ಪತ್ತಾರು ವರ್ಷ. ನಾಲ್ಕು ತುಂಬಿದ್ದಾಗ ಅವಳ ಅಮ್ಮ ಜುಸ್ತಿನಾ ಅವಳನ್ನು ಕರೆದುಕೊಂಡು ಫ್ರಾನ್ಸಿಗೆ, ಲಿಯೋನ್‌ಗೆ ಹೋದಳು. ಹನ್ನೊಂದರಲ್ಲಿ ಒಂದು ಆಗಸ್ಟ್ ತಿಂಗಳು ಇಲ್ಲಿಗೆ ಬಂದು ಇದ್ದಳು. ಆಮೇಲೆ ಹುಟ್ಟುಹಬ್ಬಕ್ಕೆ ಕಾರ್ಡು, ಕ್ರಿಸ್‌ಮಸ್‌ಗೆ ಫೋನು.

ಜೂನ್ ಹನ್ನೆರಡಕ್ಕೆ ಅನೂಕ್ ಎಂಬ ಗೆಳತಿಯೊಡನೆ ಲಿಸ್ಬನ್‌ನಲ್ಲಿ ಇಳಿಯುತ್ತಾಳಂತೆ. ಎರಡು ವಾರ. “ನಿಮಗೆ ಎಲ್ಲ ಊರೂ ಎಲ್ಲ ರೈಲೂ ಗೊತ್ತು ಅಂತ ಅಮ್ಮ ಹೇಳಿದಳು. ಪುಸ್ತಕಗಳಲ್ಲಿ ಸಿಗದ ಸಲಹೆ ಇದ್ದರೆ ಬರೆದು ಕಳಿಸ್ತೀರಾ? ಲಿಸ್ಬನ್, ಎವೊರ, ಪೋರ್ಟೊ.”

ಮೂರು ಊರು. ಅವೇರೊ ಅದರಲ್ಲಿ ಇಲ್ಲ. ಸಹಜವೇ. ಲಿಸ್ಬನ್‌ನಿಂದ ಪೋರ್ಟೊಗೆ ಹೋಗುವ ರೈಲು ಇಲ್ಲಿ ಎರಡು ನಿಮಿಷ ನಿಲ್ಲುತ್ತದೆ, ಅದೇ ಸಾಕು ಎನ್ನುವಂಥ ಊರು.

ಪತ್ರದಲ್ಲಿ ನನ್ನನ್ನು ಯಾವ ಹೆಸರಿನಿಂದಲೂ ಕರೆದಿಲ್ಲ. “ನಮಸ್ಕಾರ” ಎಂದು ಶುರು ಮಾಡಿದ್ದಾಳೆ.

ಮೇ 8, ಗುರುವಾರ

ಇಪ್ಪತ್ತೇಳು ವರ್ಷದಿಂದ ಸ್ಟೇಷನ್ನಿನ ಎರಡನೇ ಟಿಕೆಟ್ ಕಿಟಕಿಯ ಹಿಂದೆ ಕೂತಿದ್ದೇನೆ. ಗಾಜಿನಾಚೆಯವರು ಎಲ್ಲಿಗಾದರೂ ಹೊರಟಿರುತ್ತಾರೆ, ನಾನು ದಾರಿ ಹೇಳುತ್ತೇನೆ. ಬರೆಯಲು ಕೂತರೆ ಬರುತ್ತದೆ.

ಲಿಸ್ಬನ್‌ಗೆ ಹಿಡಿತವಿರುವ ಬೂಟು ತನ್ನಿ. ಕಾಲುದಾರಿಯ ಸಣ್ಣ ಬಿಳಿ ಕಲ್ಲುಗಳು ಚಂದ. ಒಂದು ಹನಿ ಬಿದ್ದರೆ ಸೋಪು. ಹೋಟೆಲಿನಲ್ಲಿ ಕೂತ ತಕ್ಷಣ ಕೇಳದೆಯೇ ಬರುವ ಬ್ರೆಡ್ಡು, ಆಲಿವ್, ಚೀಸ್ ಪುಕ್ಕಟೆಯಲ್ಲ. ಬೇಡವಾದರೆ ಮುಟ್ಟದೆ ಪಕ್ಕಕ್ಕೆ ಸರಿಸಿ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಐದು ಭಾಷೆಯಲ್ಲಿ ಚಿತ್ರಸಮೇತ ಪಟ್ಟಿ ಇಟ್ಟಿರುವ ಕಡೆ ನಿಲ್ಲಬೇಡಿ; ಗಾಜಿಗೆ ಒಂದು ಕಾಗದದ ತುಂಡು ಅಂಟಿಸಿ ಇವತ್ತಿನ ಅಡುಗೆ ಏನೆಂದು ಕೈಯಲ್ಲಿ ಬರೆದಿದ್ದರೆ, ಅಕ್ಷರ ಕೆಟ್ಟದಾಗಿದ್ದರೆ, ಒಳಗೆ ಹೋಗಿ. ಲಿಸ್ಬನ್ ನೋಡಬೇಕಾದರೆ ಲಿಸ್ಬನ್ ಬಿಡಬೇಕು: ಸಂಜೆ ನದಿ ದಾಟುವ ದೋಣಿ ಹತ್ತಿ, ಆಚೆ ದಡದಲ್ಲಿ ಇಳಿದು, ತಿರುಗಿ ನೋಡಿ.

ಇಬ್ಬರಿಗೆ ಬರೆಯುತ್ತಿದ್ದೇನೆ ಎಂದು ಬಹುವಚನ. ಅನುಕೂಲವಾಯಿತು.

ಕೊನೆಯಲ್ಲಿ ಸೇರಿಸಿದೆ: ಅವೇರೊ — ರೈಲು ಎರಡು ನಿಮಿಷ ನಿಲ್ಲುತ್ತದೆ. ವಿಶೇಷವೇನಿಲ್ಲ.

ಮೇ 9, ಶುಕ್ರವಾರ

ಸ್ಟೇಷನ್ನಿನ ಕಾಫಿ ಅಂಗಡಿಯ ಫಿಲೊಮೆನಾ ನನಗಿಂತ ಹತ್ತು ವರ್ಷ ದೊಡ್ಡವಳು. ಎರಡು ಸಲ ಗಂಡನನ್ನು ಕಳೆದುಕೊಂಡವಳು, ಒಬ್ಬನನ್ನು ಮಣ್ಣಿಗೆ, ಒಬ್ಬನನ್ನು ಬ್ರೆಜಿಲ್‌ಗೆ. ನಾನು ಬರೆಯುತ್ತಿದ್ದುದನ್ನು ಕೌಂಟರಿನ ಆಚೆಯಿಂದ ಬಗ್ಗಿ ನೋಡಿದಳು.

“ಏನಪ್ಪಾ ಅಡೆಲಿನೊ, ಉಯಿಲು ಬರೀತಿದೀಯಾ?”

“ಪ್ರವಾಸದ ಸಲಹೆ. ಫ್ರಾನ್ಸಿಂದ ಇಬ್ಬರು ಹುಡುಗೀರು ಬರ್ತಿದಾರೆ.”

“ಐವತ್ನಾಲ್ಕಕ್ಕೆ ಇಬ್ಬಿಬ್ಬರಾ! ಅದಕ್ಕೇ ಇವತ್ತು ಶರ್ಟಿಗೆ ಇಸ್ತ್ರಿ.”

“ಒಬ್ಬಳು ನನ್ನ ಮಗಳು.”

ಅವಳು ಒರೆಸುತ್ತಿದ್ದ ಲೋಟ ಕೆಳಗಿಟ್ಟಳು. “ಆ ಪುಟ್ಟಿ? ಇಲ್ಲೇ ಬೆಂಚಿನ ಮೇಲೆ ಕೂತ್ಕೊಂಡು ಗೂಡ್ಸ್ ಗಾಡಿ ಡಬ್ಬಿ ಎಣಿಸ್ತಿದ್ಲಲ್ಲ? ಮನೆಗೆ ಬರ್ತಾಳಾ?”

“ಪೋರ್ಟೊಗೆ ಹೋಗ್ತಾಳೆ.”

“ನಾ ಕೇಳಿದ್ದು ಅದಲ್ಲ.”

ಆರೂ ನಲವತ್ತರ ರೈಲು ಬಂತು, ಎದ್ದು ಬಂದೆ. ನೊಯೇಮಿಯಾ ಇಲ್ಲಿ ಇಳಿಯಬೇಕೆಂದು ನನಗೇನೂ ಇಲ್ಲ. ಇಳಿದರೆ ಏನು ತೋರಿಸುವುದು?

ಮೇ 12, ಸೋಮವಾರ

ಇವತ್ತು ಹದಿನಾಲ್ಕನೆಯ ಸಲಹೆ ಬರೆದೆ. ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಇದೇ:

“ನಮ್ಮವರು ಉಣ್ಣುತ್ತ ಕೂತಿರುವಾಗ ನೀವು ಹತ್ತಿರ ಸುಳಿದರೆ ‘ಬನ್ನಿ, ಊಟ ಮಾಡಿ’ ಅನ್ನುತ್ತಾರೆ. ಕೂರಬೇಡಿ. ‘ನೀವು ಮಾಡಿ, ಚೆನ್ನಾಗಿ ಆಗಲಿ’ ಅಂದು ಮುಂದೆ ಹೋಗಿ. ಹಾಗೆಯೇ ಯಾರಾದರೂ ‘ನಮ್ಮ ಮನೆ ನಿಮ್ಮದೇ’ ಅಂದರೆ ಅದು ಮರ್ಯಾದೆಯ ಮಾತು. ನಕ್ಕು, ‘ತುಂಬಾ ಥ್ಯಾಂಕ್ಸ್’ ಅನ್ನಿ. ಹೋಗಬೇಡಿ. ನಿಜವಾಗಿ ಕರೆಯುವವರು ಇನ್ನೂ ಎರಡು ಸಲ ಕರೆಯುತ್ತಾರೆ.”

ಇದಕ್ಕೊಂದು ಕಥೆ ಇದೆ. ನಾನು ಕೆಲಸಕ್ಕೆ ಸೇರಿದ ವರ್ಷ, ಮಧ್ಯಾಹ್ನ ನಾವು ನಾಲ್ಕು ಜನ ಹಿಂದಿನ ಕೋಣೆಯಲ್ಲಿ ಬೀನ್ಸ್ ಕಾಳಿನ ಪಲ್ಯ ತಿನ್ನುತ್ತಿದ್ದೆವು. ಒಬ್ಬ ಡಚ್ ಯುವಕ ಶೌಚಾಲಯ ಹುಡುಕುತ್ತ ಬಾಗಿಲಲ್ಲಿ ಇಣುಕಿದ. ನಮ್ಮ ಹಿರಿಯ ಗುಮಾಸ್ತರು ಅಭ್ಯಾಸಬಲದಿಂದ “ಬನ್ನಿ, ಊಟ ಮಾಡಿ” ಅಂದುಬಿಟ್ಟರು. ಅವನು ಬೆನ್ನಿನ ಚೀಲ ಇಳಿಸಿ ಕೂತ. ಅವರ ಪಾಲಿನದನ್ನೆಲ್ಲ ತಿಂದ. ತುಂಬ ಖುಷಿಯಾಗಿದ್ದ, ಎಲ್ಲರ ಕೈ ಕುಲುಕಿ ಹೋದ. ಗುಮಾಸ್ತರು ಅವತ್ತು ಬರಿ ಬ್ರೆಡ್ಡು ತಿಂದರು.

ಆ ಕಥೆಯನ್ನೂ ಬರೆದೆ. ಓದಿ ನಗುತ್ತಾಳೆ ಅಂದುಕೊಂಡಿದ್ದೇನೆ.

ಮೇ 15, ಗುರುವಾರ

ಪಟ್ಟಿ ಕಳಿಸಿದೆ. ಇಪ್ಪತ್ತೆರಡು ಸಲಹೆ.

ಮೇ 19, ಸೋಮವಾರ

ಉತ್ತರ ಬಂತು. ಡಚ್ ಯುವಕನ ಕಥೆಯನ್ನು ಅನೂಕ್‌ಗೆ ಫ್ರೆಂಚಿನಲ್ಲಿ ಓದಿ ಹೇಳಿದಳಂತೆ, ಇಬ್ಬರೂ ಅತ್ತುಬಿಡುವಷ್ಟು ನಕ್ಕರಂತೆ. “ಇಲ್ಲಿ ನಮ್ಮ ಮನೇಲೂ ಅಮ್ಮ ಹಾಗೇ ಅಂತಾಳೆ, ನಾನು ಯಾವತ್ತೂ ಯೋಚನೆ ಮಾಡಿರಲಿಲ್ಲ.”

ಒಂದು ಪ್ರಶ್ನೆ ಕೇಳಿದ್ದಾಳೆ: ಹದಿನೆಂಟನೇ ತಾರೀಕು ಪೋರ್ಟೊ ರೈಲಿನಲ್ಲಿ ಯಾವ ಕಡೆ ಕೂತರೆ ಒಳ್ಳೆಯದು?

ಎಡಗಡೆ. ಅದು ಯಾರಿಗಾದರೂ ಗೊತ್ತು. ಪೋರ್ಟೊಗೆ ಮುಂಚೆ ಕಡಲು ಹಳಿಯ ಪಕ್ಕಕ್ಕೇ ಬಂದುಬಿಡುತ್ತದೆ, ಎಡಗಡೆ. ಹಾಗೆಂದು ಬರೆದೆ. ಅವೇರೊದಲ್ಲಿ ಹಳೆಯ ಸ್ಟೇಷನ್ ಕಟ್ಟಡದ ನೀಲಿ ಟೈಲ್ಸ್ ಚಿತ್ರಗಳೂ ಎಡಗಡೆಯೇ ಕಾಣುತ್ತವೆ ಎಂದು ಸೇರಿಸಿದೆ, ಇದು ಮಾಹಿತಿ.

ಮೇ 24, ಶನಿವಾರ

ಸಣ್ಣ ಕೋಣೆಯ ಗೋಡೆಗೆ ಸುಣ್ಣ ಹೊಡೆದೆ. ಕಾಲುವೆಯ ತೇವ ಈ ಮನೆಗೆ ಕೆಳಗಿನಿಂದ ಹತ್ತುತ್ತದೆ, ಎರಡು ವರ್ಷಕ್ಕೊಮ್ಮೆ ಮಾಡಲೇಬೇಕು. ಕಳೆದ ಸಲ ಮಾಡಿದ್ದು ಏಳು ವರ್ಷದ ಹಿಂದೆ. ಅಲ್ಲಿದ್ದ ಹಳೆಯ ವೇಳಾಪಟ್ಟಿಗಳ ಕಟ್ಟುಗಳನ್ನು ಎಸೆದ ಮೇಲೆ ಕೋಣೆ ದೊಡ್ಡದಾಗಿ ಕಂಡಿತು. ಎರಡು ಮಂಚ ಹಿಡಿಯುತ್ತದೆ. ಅಳತೆ ತೆಗೆದದ್ದು ಸುಮ್ಮನೆ.

ಮೇ 30

ಹಲ್ಲುನೋವು. ಏನೂ ಇಲ್ಲ.

ಜೂನ್ 2, ಸೋಮವಾರ

ಇನ್ನೊಂದಷ್ಟು ಸಲಹೆ ಕಳಿಸಿದೆ, ಅವಳು ಕೇಳಿರಲಿಲ್ಲ. ಜೂನ್ ಅಂದ ಮೇಲೆ ಸಂತರ ಹಬ್ಬಗಳು. ಮಂಜೆರಿಕೋ ಗಿಡದ ವಿಷಯ ಹೇಳದೆ ಹೇಗೆ? ನಮ್ಮ ಕಡೆಯ ಸಣ್ಣೆಲೆಯ ಕಾಮಕಸ್ತೂರಿ, ಅಂಗೈಯಗಲದ ಕುಂಡದಲ್ಲಿ ಚೆಂಡಿನಂತೆ ಬೆಳೆದಿರುತ್ತದೆ, ಒಂದು ಕಡ್ಡಿಗೆ ಕಾಗದದಲ್ಲಿ ಪ್ರೇಮದ ಎರಡು ಸಾಲು. ಅದಕ್ಕೆ ಮೂಗು ತಾಗಿಸಬಾರದು, ಬಾಡುತ್ತದೆ ಅನ್ನುತ್ತಾರೆ. ಅಂಗೈಯನ್ನು ಗಿಡದ ಮೇಲೆ ಆಡಿಸಿ, ಅಂಗೈಯನ್ನು ಮೂಸಬೇಕು. ಎಲ್ಲವನ್ನೂ ಹೀಗೆಯೇ ಮಾಡುವ ಜನ ನಾವು.

ಇದನ್ನು ಕೊನೆಯ ವಾಕ್ಯ ಬಿಟ್ಟು ಕಳಿಸಿದೆ.

ಎವೊರದಲ್ಲಿ ಮಧ್ಯಾಹ್ನ ಎರಡರಿಂದ ಐದರವರೆಗೆ ಹೊರಗೆ ಕಾಲಿಡಬೇಡಿ, ಕಲ್ಲು ಕೂಡ ನೆರಳು ಹುಡುಕುತ್ತಿರುತ್ತದೆ. ಅಲ್ಲಿ ಹಳೆಯ ಬ್ರೆಡ್ಡಿಗೆ ಬೆಳ್ಳುಳ್ಳಿ, ಕೊತ್ತಂಬರಿ, ಕುದಿನೀರು, ಒಂದು ಮೊಟ್ಟೆ ಹಾಕಿ ಮಾಡುವ ಸಾರು ಕುಡಿಯಿರಿ. ಬಡವರ ಊಟ, ಆದ್ದರಿಂದ ಯಾರೂ ಪ್ರವಾಸಿಗರಿಗೆ ಹೇಳುವುದಿಲ್ಲ. ಪೋರ್ಟೊದಲ್ಲಿ ಮಾಂಸ, ಚೀಸ್, ಖಾರದ ಗೊಜ್ಜು ಸುರಿದ ಆ ದೊಡ್ಡ ಸ್ಯಾಂಡ್‌ವಿಚ್ ಇಬ್ಬರಿಗೆ ಒಂದು ಸಾಕು.

ಅವೇರೊದ ಸಾಲನ್ನೂ ಸ್ವಲ್ಪ ತಿದ್ದಿದೆ. ಉಪ್ಪಿನ ಗದ್ದೆಗಳಿವೆ. ಮೊಟ್ಟೆಯ ಹಳದಿ, ಸಕ್ಕರೆಯ ಸಿಹಿ ಇದೆ, ಚಿಪ್ಪಿನಾಕಾರದ ತೆಳು ಹಿಟ್ಟಿನ ಹಾಳೆಯೊಳಗೆ. ಹಾವುಮೀನಿನ ಸಾರು ಇಲ್ಲಿನದೇ ಸರಿ. ಬೆಳಿಗ್ಗೆ ಎಂಟರ ಹೊತ್ತಿಗೆ ಕಡಲಿನ ಮಂಜು ಕಾಲುವೆಯ ಮೇಲೆ ಬಂದು ಕೂರುತ್ತದೆ, ಹತ್ತಕ್ಕೆ ಎದ್ದು ಹೋಗುತ್ತದೆ. ಅರ್ಧ ಪುಟವಾಯಿತು. ಪೋರ್ಟೊಗಿಂತ ಉದ್ದವಾಗಬಾರದೆಂದು ನಿಲ್ಲಿಸಿದೆ.

ಹನ್ನೊಂದರ ವಯಸ್ಸಿನಲ್ಲಿ ಬಂದಿದ್ದಾಗ ಆಗಸ್ಟ್ ಕೊನೆಯಲ್ಲಿ ಅವಳು ಕೇಳಿದ್ದಳು, “ಇನ್ನೊಂದು ವಾರ ಇರ್ಲಾ?” ನಾನು, “ನಿನ್ನಮ್ಮ ಏನಂತಾಳೋ” ಅಂದೆ. ಅದರಲ್ಲಿ ತಪ್ಪೇನೂ ಇರಲಿಲ್ಲ. ಶಾಲೆ ಶುರುವಾಗುತ್ತಿತ್ತು.

ಜೂನ್ 12, ಗುರುವಾರ

ಬಂದಿಳಿದಿದ್ದಾಳೆ. ಒಂದು ಫೋಟೊ ಕಳಿಸಿದ್ದಾಳೆ: ಬೂಟುಗಳು ಮಾತ್ರ, ಬಿಳಿ ಕಲ್ಲಿನ ಮೇಲೆ. “ಹಿಡಿತ ಇದೆ!”

ಜೂನ್ 15, ಭಾನುವಾರ

ಎವೊರದಿಂದ: ಬ್ರೆಡ್ಡಿನ ಸಾರು ಎರಡು ಸಲ ಕುಡಿದಳಂತೆ. ಅನೂಕ್‌ಗೆ ಕೊತ್ತಂಬರಿ ಸೇರುವುದಿಲ್ಲವಂತೆ. ಲಿಸ್ಬನ್‌ನಲ್ಲಿ ದೋಣಿ ಹತ್ತಿ ಆಚೆ ದಡದಿಂದ ತಿರುಗಿ ನೋಡಿದರಂತೆ. “ನೀವು ಅಲ್ಲಿಗೆ ಯಾರ ಜೊತೆ ಹೋಗಿದ್ರಿ?” ಎಂದು ಕೇಳಿದ್ದಾಳೆ.

ನಿನ್ನ ತಾಯಿಯ ಜೊತೆ, ಎಂದು ಬರೆದು ಅಳಿಸಿ, ಬಹಳ ಹಿಂದೆ, ಎಂದು ಬರೆದೆ.

ಬುಧವಾರ ಬೆಳಿಗ್ಗೆಯ ಪಾಳಿಯನ್ನು ಸಂಜೆಗೆ ಬದಲಾಯಿಸಿಕೊಂಡೆ. ಹೇಗೂ ಹಲ್ಲಿನ ಡಾಕ್ಟರ ಹತ್ತಿರ ಹೋಗಬೇಕು. ಡಾಕ್ಟರು ಸಿಗುವುದು ಶುಕ್ರವಾರ.

ಜೂನ್ 18, ಬುಧವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಯಾವ ಡಬ್ಬಿ ಎಂದು ನಿನ್ನೆ ಕೇಳಿದ್ದೆ, ಮೂರು ಎಂದಿದ್ದಳು. ರೈಲು ಹನ್ನೊಂದೂ ನಲವತ್ತಕ್ಕೆ, ನಾಲ್ಕು ನಿಮಿಷ ತಡವಾಗಿ ಬಂತು. ನಾನು ಸಿಹಿಯ ಪೆಟ್ಟಿಗೆ ಹಿಡಿದು ಮೂರನೇ ಡಬ್ಬಿಯ ಬಾಗಿಲು ನಿಲ್ಲುವ ಜಾಗದಲ್ಲಿ ನಿಂತಿದ್ದೆ. ಅದು ಎಲ್ಲಿ ನಿಲ್ಲುತ್ತದೆಂದು ಸೆಂಟಿಮೀಟರಿನಷ್ಟು ನಿಖರವಾಗಿ ಗೊತ್ತು. ಬಾಗಿಲು ತೆರೆಯಿತು. ಅವಳು ಮೆಟ್ಟಿಲ ಮೇಲೆಯೇ ನಿಂತಿದ್ದಳು. ಹಿಂದೆ ಎತ್ತರದ, ಕನ್ನಡಕದ ಹುಡುಗಿ. ನೊಯೇಮಿಯಾ ನನ್ನ ತಾಯಿಯ ಹಣೆಯನ್ನು ತೊಟ್ಟುಕೊಂಡು ಬಂದಿದ್ದಳು. ಅದಕ್ಕೆ ನಾನು ಸಿದ್ಧನಿರಲಿಲ್ಲ.

“ನೀವೇ ಅಲ್ವಾ?” ಅಂದಳು. “ಕೂದಲು ಕಮ್ಮಿ ಆಗಿದೆ.”

“ನಿನ್ನದು ಜಾಸ್ತಿ ಆಗಿದೆ.”

ನಕ್ಕಳು. ನಾನು ಪೆಟ್ಟಿಗೆ ಕೊಟ್ಟೆ. ಅನೂಕ್ ಹಿಂದಿನಿಂದ ಕೈ ಚಾಚಿ ನನ್ನ ಕೈ ಕುಲುಕಿ, ನಮ್ಮ ಭಾಷೆಯಲ್ಲಿ, ಕಲಿತುಕೊಂಡು ಬಂದಂತೆ, “ಎಡಗಡೆ ಕೂತಿದ್ದೇವೆ” ಅಂದಳು. ಇಳಿಯುವವರು ನಮ್ಮ ಮಧ್ಯೆ ಸೂಟ್‌ಕೇಸ್ ಎಳೆದುಕೊಂಡು ಹೋದರು. ಗಾರ್ಡ್ ನನ್ನನ್ನು ನೋಡಿ ಕೈಯೆತ್ತಿದ, ಅವನಿಗೆ ನಾನು ಗೊತ್ತು. ಬಾಯಿಗೆ ಹತ್ತಿರ ಬಂದಿದ್ದ ಸೀಟಿಯನ್ನು ಒಂದು ಉಸಿರಿನಷ್ಟು ತಡೆದ.

“ಮನೆ ಇಲ್ಲೇ,” ಅಂದೆ. “ಎಂಟು ನಿಮಿಷದ ದಾರಿ. ಮನೆ ನಿನ್ನದೇ, ಗೊತ್ತಲ್ಲ.”

ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ನಕ್ಕು, “ತುಂಬಾ ಥ್ಯಾಂಕ್ಸ್” ಅಂದಳು.

ಬಾಗಿಲು ಮುಚ್ಚಿತು. ಎಡಗಡೆಯ ಕಿಟಕಿಯಲ್ಲಿ ಇಬ್ಬರೂ ಕೈ ಬೀಸಿದರು.

ಪರವಾಗಿಲ್ಲ. ಅವಳಿಗೆ ಅವಳ ಕಾರ್ಯಕ್ರಮ ಇದೆ. ನಾನು ಹೇಳಿದೆ, ಅವಳು ಬೇಡವೆಂದಳು, ಮರ್ಯಾದೆಯಿಂದಲೇ ಅಂದಳು. ಸಂಜೆ ಪಾಳಿಯಲ್ಲಿ ಎರಡು ಟಿಕೆಟ್ ತಪ್ಪು ಕೊಟ್ಟೆ, ಇಪ್ಪತ್ತೇಳು ವರ್ಷದಲ್ಲಿ ಇಲ್ಲದ್ದು.

ಜೂನ್ 20, ಶುಕ್ರವಾರ

ಹಲ್ಲು ಕಿತ್ತರು. ಡಾಕ್ಟರ ಬಾಗಿಲ ಹೊರಗೆ ಕೂತು ಅವಳ ಸಂದೇಶ ಓದಿದೆ. ಸಿಹಿ ಮೊದಲ ದಿನವೇ ಮುಗಿಯಿತಂತೆ. ಕಡಲು ಎಡಗಡೆ ಬಂತಂತೆ, ಅನೂಕ್ ಎದ್ದು ನಿಂತುಬಿಟ್ಟಳಂತೆ. ಕೊನೆಗೆ ಹೀಗಿತ್ತು: “ಮನೆ ನಿನ್ನದೇ ಅಂದಾಗ ಒಂದು ನಿಮಿಷ ತಬ್ಬಿಬ್ಬಾಗಿತ್ತು. ಆದರೆ ನಿಮ್ಮ ಹದಿನಾಲ್ಕನೇ ಸಲಹೆ ನೆನಪಾಯ್ತು. ಸರಿಯಾಗಿ ಉತ್ತರ ಕೊಟ್ಟೆ ಅಲ್ವಾ?”

ಬಾಯಿ ಮರಗಟ್ಟಿತ್ತು. ಪಕ್ಕದಲ್ಲಿ ಕೂತಿದ್ದ ಮುದುಕಿ “ತುಂಬಾ ನೋಯ್ತಿದೆಯಾ ಮಗಾ?” ಅಂದಳು. ಅರಿವಳಿಕೆ ಇಳಿದಿಲ್ಲ, ಏನೂ ಗೊತ್ತಾಗುತ್ತಿಲ್ಲ ಎಂದು ಕೈಸನ್ನೆ ಮಾಡಿದೆ.

ಜೂನ್ 21, ಶನಿವಾರ

ಫಿಲೊಮೆನಾಳಿಗೆ ಹೇಳಬಾರದು ಅಂದುಕೊಂಡಿದ್ದೆ.

“ಅಂದ್ರೆ,” ಅಂದಳು, “ಬರಬೇಡ ಅಂತ ಮೊದಲು ಕಾಗದದಲ್ಲಿ ಬರೆದು ಕೊಟ್ಟೆ. ಕಥೆ ಸಮೇತ. ಆಮೇಲೆ ಬಾ ಅಂದೆ.”

“ಬಾ ಅಂದದ್ದು ನಿಜವಾಗಿ.”

“ಅದು ಅವಳಿಗೆ ಹೇಗೆ ಗೊತ್ತಾಗಬೇಕು? ನಿನ್ನ ಮುಖದಲ್ಲಾ? ನಿನ್ನ ಮುಖ ನೋಡಿದ್ರೆ ರೈಲು ಬಂತೋ ಹೋಯ್ತೋ ಅಂತಾನೂ ಗೊತ್ತಾಗಲ್ಲ ಮಾರಾಯ.”

“ಅವಳಿಗೆ ಬೇಕಿದ್ರೆ ಅವಳೇ ಕೇಳ್ತಿದ್ಲು.”

“ನೀನೇ ಬರೆದಿದೀಯಲ್ಲ, ನಿಜವಾಗಿ ಕರೆಯೋರು ಇನ್ನೂ ಎರಡು ಸಲ ಕರೀತಾರೆ ಅಂತ. ನೀನು ಎಷ್ಟು ಸಲ ಕರೆದೆ?”

ನಾನು ಕಾಫಿ ಕಲಕಿದೆ. ಸಕ್ಕರೆ ಹಾಕಿರಲಿಲ್ಲ.

“ನಮ್ಮಮ್ಮ,” ಅಂದಳು, “ಎರಡನೇ ಸಲ ಕರೆಯೋವಾಗಲೇ ಚೀಲ ಕಸ್ಕೊಳ್ತಿದ್ಲು. ಮೂರನೇ ಸಲ ಬಾಗಿಲಿಗೆ ಬೆನ್ನು ಕೊಟ್ಟು ನಿಂತ್ಕೊಳ್ತಿದ್ಲು. ಆಗ ಬಂದೋರು, ‘ಅಯ್ಯೋ ಇಷ್ಟು ಹೇಳ್ತಿದೀರಲ್ಲ’ ಅಂತ ಕೂತ್ಕೊಳ್ತಿದ್ರು. ಅವರಿಗೂ ಹೊಟ್ಟೆ ಹಸಿದೇ ಇರ್ತಿತ್ತು. ಎಲ್ಲರಿಗೂ ಗೊತ್ತಿರೋದು. ನೀನೊಬ್ಬ ಒಂದು ಸಲಕ್ಕೇ ಟಿಕೆಟ್ ಹರಿದು ಕೊಟ್ಟುಬಿಡ್ತೀಯ.”

ಹೋಗುವಾಗ ನಾಲ್ಕು ಬ್ರೆಡ್ಡು ಪೊಟ್ಟಣ ಕಟ್ಟಿಕೊಟ್ಟಳು. ನಾನು ಒಂದೇ ತೆಗೆದುಕೊಳ್ಳುವುದು. ಹೇಳಿದರೆ ಕೇಳಿಸಿಕೊಳ್ಳಲಿಲ್ಲ.

ಜೂನ್ 23, ಸೋಮವಾರ

ಪೋರ್ಟೊದಲ್ಲಿ ಇವತ್ತು ಸಂತ ಜಾನನ ಹಬ್ಬದ ಸಂಜೆ. ಪ್ಲಾಸ್ಟಿಕ್ ಸುತ್ತಿಗೆಯಿಂದ ಗುರುತಿಲ್ಲದವರ ತಲೆಗೆ ಮೊಟಕುವ ಹಬ್ಬ. ಅವಳು ಮಧ್ಯಾಹ್ನವೇ ಸುತ್ತಿಗೆ ಕೊಂಡಳಂತೆ. ಬೂತಾಯಿ ಮೀನು ಸುಡುವ ಹೊಗೆಯ ಫೋಟೊ, ಬ್ರೆಡ್ಡಿನ ಮೇಲೆ ಮೀನಿಟ್ಟು ಕೈಯಲ್ಲಿ ತಿನ್ನುತ್ತಿರುವ ಅನೂಕ್‌ಳ ಫೋಟೊ. ನಾಡಿದ್ದು ಲಿಸ್ಬನ್‌ಗೆ ವಾಪಸ್, ಶುಕ್ರವಾರ ಬೆಳಿಗ್ಗೆ ವಿಮಾನ. ನಡುವೆ ಒಂದು ದಿನ ಖಾಲಿ ಇದೆ. ಲಿಸ್ಬನ್‌ನಲ್ಲಿ ಇನ್ನೇನು ನೋಡಬಹುದು ಎಂದು ಕೇಳಿದ್ದಾಳೆ.

ನನ್ನ ಹತ್ತಿರ ಲಿಸ್ಬನ್ ಬಗ್ಗೆ ಇನ್ನೂ ಎಂಟು ಸಲಹೆ ಇವೆ.

ಜೂನ್ 24, ಮಂಗಳವಾರ

ಬೆಳಿಗ್ಗೆಯಿಂದ ಬರೆದು ಹೊಡೆದುಹಾಕಿದ್ದು:

ನಿಮಗೆ ತೊಂದರೆಯಿಲ್ಲದಿದ್ದರೆ.

ದಾರಿಯಲ್ಲೇ ಇರುವುದರಿಂದ.

ಬಿಡುವಿದ್ದರೆ, ಒಂದು ಕಾಫಿಗಾದರೂ.

ಅವೇರೊದಲ್ಲಿ ಈ ವಾರ ಹವೆ ಚೆನ್ನಾಗಿದೆ.

ಇವೆಲ್ಲ ಸರಿಯಾದ, ನಯವಾದ ವಾಕ್ಯಗಳು. ಒಂದೊಂದರಲ್ಲೂ ಹಿಂದೆ ಸರಿಯಲು ಒಂದು ಬಾಗಿಲು ಇದೆ, ಅವಳಿಗೆಂದು ಇಟ್ಟದ್ದು. ಓದಿ ನೋಡಿದರೆ ಆ ಬಾಗಿಲಿನಿಂದ ಹೊರಗೆ ಹೋಗುತ್ತಿರುವವನು ನಾನೇ.

ಮಧ್ಯಾಹ್ನ ಹನ್ನೆರಡೂವರೆಗೆ ಕಳಿಸಿದ್ದು: “ನಾಳೆ ಅವೇರೊದಲ್ಲಿ ಇಳಿಯಿರಿ. ಇಬ್ಬರೂ. ಗುರುವಾರದವರೆಗೆ ನನ್ನ ಮನೆಯಲ್ಲಿ ಇರಿ. ಹದಿನಾಲ್ಕನೇ ಸಲಹೆ ನನಗೆ ಅನ್ವಯಿಸುವುದಿಲ್ಲ.”

ಒಂದೂ ಹತ್ತಕ್ಕೆ ಉತ್ತರ: “ಅಯ್ಯೋ, ನಿಮಗೆ ಯಾಕೆ ಸುಮ್ಮನೆ ತೊಂದರೆ!”

ನೇರವಾಗಿ ಬೇಡವೆಂದಳೋ, ಅಥವಾ ಜುಸ್ತಿನಾಳ ಅಡುಗೆಮನೆಯಲ್ಲಿ ಕಲಿತ ನಮ್ಮ ಮಾತೋ. ಕಾಗದದ ಮೇಲೆ ಎರಡೂ ಒಂದೇ ಥರ ಇರುತ್ತವೆ. ಅರ್ಧ ಗಂಟೆ ಕೂತಿದ್ದೆ. ಮನೆಯಲ್ಲಿ ಓಡಾಡಿದೆ. ಸಣ್ಣ ಕೋಣೆಗೆ ಹೋದೆ. ಎರಡು ಮಂಚ, ಒಂದು ಕೊಂಡದ್ದು, ಒಂದು ಎರವಲು ತಂದದ್ದು. ಇವನ್ನು ಯಾವಾಗ ತಂದೆನೆಂದು ಈ ಪುಸ್ತಕದಲ್ಲಿ ಬರೆದೇ ಇಲ್ಲ.

ಎರಡನೇ ಸಲ: “ತೊಂದರೆ ಆಗುತ್ತದೆ. ಆಗಲಿ. ಹಾಸಿಗೆ ಹಾಸಿದೆ.”

ಎರಡು ಗಂಟೆಗೆ: “ಆದರೆ ನಮ್ಮ ಟಿಕೆಟ್ ಲಿಸ್ಬನ್‌ವರೆಗೂ ಇದೆ. ಮಧ್ಯ ಇಳಿದರೆ ಅದು ಹೋದ ಹಾಗೇ ಅಲ್ವಾ?”

ಈ ಪ್ರಶ್ನೆಗೆ ನಾನು ಇಪ್ಪತ್ತೇಳು ವರ್ಷದಿಂದ ಉತ್ತರ ಕೊಡುತ್ತಿದ್ದೇನೆ. ಹೌದು, ಹೋದ ಹಾಗೇ, ದಯವಿಟ್ಟು ಮೊದಲೇ ಯೋಚಿಸಿ ಕೊಳ್ಳಿ.

ಮೂರನೇ ಸಲ: “ಹೋದ ಹಾಗೇ. ಹೋಗಲಿ. ಇಳಿ, ನೊಯೇಮಿಯಾ.”

ಏಕವಚನದಲ್ಲಿ ಬರೆದೆನೆಂದು ಕಳಿಸಿದ ಮೇಲೆ ಕಂಡಿತು.

ಮೂರು ಗಂಟೆಯಾಯಿತು. ನಾಲ್ಕಾಯಿತು. ಫೋನನ್ನು ಬ್ರೆಡ್ಡಿನ ಡಬ್ಬಿಯೊಳಗೆ ಇಟ್ಟೆ. ನಾಲ್ಕೂವರೆಗೆ ತೆಗೆದೆ.

“ಹಾವುಮೀನು ತಿನ್ನಲೇಬೇಕಾ ಅಂತ ಅನೂಕ್ ಕೇಳ್ತಿದಾಳೆ.”

ಜೂನ್ 25, ಬುಧವಾರ

ಇಳಿದರು.

ಜೂನ್ 26, ಗುರುವಾರ

ಮಧ್ಯಾಹ್ನ. ಅವರು ಕಡಲ ತೀರಕ್ಕೆ ಹೋಗಿದ್ದಾರೆ, ಪಟ್ಟೆಪಟ್ಟೆ ಬಣ್ಣದ ಮನೆಗಳನ್ನು ನೋಡಲು. ನಾನು ಅಡುಗೆಮನೆಯ ಮೇಜಿನಲ್ಲಿ ಕೂತಿದ್ದೇನೆ. ಕುರ್ಚಿಯ ಮೇಲೆ ಯಾರದೋ ಒದ್ದೆ ಟವಲ್. ತೊಟ್ಟಿಯಲ್ಲಿ ಮೂರು ತಟ್ಟೆ. ಅನೂಕ್ ಹಾವುಮೀನು ತಿಂದಳು, ಎರಡನೇ ಸಲ ಹಾಕಿಸಿಕೊಂಡಳು, ಮೂರನೇ ಸಲ ಬೇಡವೆಂದಾಗ ನಾನು ಪಾತ್ರೆ ಹಿಡಿದು ನಿಂತೇ ಇದ್ದೆ. “ನಿಮ್ಮಪ್ಪ ಯಾವಾಗ್ಲೂ ಹೀಗೇನಾ?” ಎಂದು ಕೇಳಿದಳು. ನೊಯೇಮಿಯಾ ನನ್ನನ್ನು ನೋಡಿ, “ಇಲ್ಲ, ಇದು ಹೊಸದು” ಅಂದಳು.

ಬೆಳಿಗ್ಗೆ ಹತ್ತೂವರೆಯ ರೈಲಿಗೆ ಹೊರಡುವುದಿತ್ತು. ಚೀಲಗಳು ಬಾಗಿಲಲ್ಲಿದ್ದವು. ಅನೂಕ್ ಕೆಳಗೆ ಇಳಿದಿದ್ದಳು. ನೊಯೇಮಿಯಾ ಜಾಕೆಟ್ಟಿನ ಗುಂಡಿ ಹಾಕಿಕೊಂಡಳು, ಮೇಲಿನದನ್ನು ಬಿಚ್ಚಿದಳು. ನೀರಿನ ಬಾಟಲಿ ಮರೆತೆ ಎಂದು ಒಳಗೆ ಹೋದಳು. ಬಾಟಲಿ ಅವಳ ಚೀಲದ ಪಕ್ಕದ ಜೇಬಿನಲ್ಲೇ ಇತ್ತು, ನನಗೆ ಕಾಣುತ್ತಿತ್ತು. ಅಡುಗೆಮನೆಯಲ್ಲಿ ನಲ್ಲಿ ಬಿಟ್ಟು ನಿಲ್ಲಿಸಿದ ಸದ್ದಾಯಿತು. ಬರಿಗೈಯಲ್ಲಿ ಬಂದು, ಹೊಸ್ತಿಲ ಮೇಲೆ ನಿಂತು, “ಹಾಗಾದ್ರೆ ಹೊರಡ್ಲಾ?” ಅಂದಳು.

ನಿನ್ನಿಷ್ಟ, ಎಂಬ ಮಾತು ನಾಲಿಗೆಯ ಮೇಲೆ ಬಂದು ಕೂತಿತ್ತು, ತನ್ನ ಜಾಗ ಗೊತ್ತಿರುವ ಹಳೆಯ ಗಿರಾಕಿಯಂತೆ.

“ಬೇಡ,” ಅಂದೆ. “ಸಂಜೆ ರೈಲಿಗೆ ಹೋಗು.”

ಚೀಲ ಅವಳ ಭುಜದಿಂದ ಎಷ್ಟು ಬೇಗ ಕೆಳಗೆ ಬಿತ್ತೆಂದರೆ, ಅದು ಯಾವಾಗಲೂ ಬೀಳಲು ತಯಾರಾಗಿಯೇ ಇದ್ದಂತಿತ್ತು. “ಅನೂಕ್!” ಎಂದು ಮೆಟ್ಟಿಲ ಕೆಳಗೆ ಕೂಗಿದಳು. “ವಾಪಸ್ ಬಾರೇ! ಅಪ್ಪ ಬಿಡ್ತಾ ಇಲ್ಲ!”

ಆಮೇಲೆ ಅವರು ಕಡಲಿಗೆ ಹೋದರು. ನಾನು ತಟ್ಟೆ ತೊಳೆಯಲು ಎದ್ದವನು ಒಲೆಯ ಮುಂದೆ ಹಾಗೇ ನಿಂತುಬಿಟ್ಟೆ.

ಇಪ್ಪತ್ತೆರಡು ವರ್ಷದ ಹಿಂದೆ, ನವೆಂಬರಿನಲ್ಲಿ, ಬೆಳಿಗ್ಗೆ. ಅದೇ ಹೊಸ್ತಿಲು. ನೀನು ಮಗುವಿಗೆ ಟೋಪಿ ಹಾಕಿ ಕೆಳಗೆ ಟ್ಯಾಕ್ಸಿಯಲ್ಲಿ ಕೂರಿಸಿ ಮತ್ತೆ ಮೇಲೆ ಹತ್ತಿ ಬಂದೆ. ಕೋಟಿನ ಗುಂಡಿಗಳನ್ನು ಹಾಕಿಕೊಂಡೆ, ಮೇಲಿನದನ್ನು ಬಿಚ್ಚಿದೆ. “ಹಾಗಾದ್ರೆ ಹೊರಡ್ಲಾ?” ಅಂದೆ. ನಾನು “ನಿನ್ನಿಷ್ಟ” ಅಂದೆ, ಅದು ಗೌರವವೆಂದು ಆಗ ನನಗೆ ಪೂರ್ತಿ ನಂಬಿಕೆಯಿತ್ತು. ಹಿಡಿದು ನಿಲ್ಲಿಸುವ ಗಂಡಸರ ಜಾತಿ ನನ್ನದಲ್ಲ ಎಂದು ಎಷ್ಟೋ ವರ್ಷ ಅದನ್ನೇ ಒಳ್ಳೆಯ ಗುಣವೆಂದು ಇಟ್ಟುಕೊಂಡಿದ್ದೆ. ನೀನು ತಲೆಯಾಡಿಸಿದೆ. ಎರಡು ಮೆಟ್ಟಿಲು ಇಳಿದೆ. ಆಮೇಲೆ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ನೀನು ಒಳಗೆ ಬಂದೆ, ಹೋದೆ, ಮತ್ತೆ ಬಂದೆ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು, ಆರಿದೆ, ನಾನೇ ನೋಡಿದ್ದೇನೆ, ಅಂದೆ. ಟ್ಯಾಕ್ಸಿಯವನು ಹಾರನ್ ಹೊಡೆದ.

ಹೊರಗೆ ಕಾಲುವೆಯ ಮೇಲೆ ಬಿಸಿಲಿದೆ. ಅವರು ಐದಕ್ಕೆ ಬರುತ್ತಾರೆ, ಆರೂ ನಲವತ್ತಕ್ಕೆ ರೈಲು. ಲಿಯೋನ್‌ನಲ್ಲಿ ಈಗ ನಮಗಿಂತ ಒಂದು ಗಂಟೆ ಮುಂದೆ.

ಎರಡು ಸಲ ಒಳಗೆ ಬಂದೆಯಲ್ಲ, ಜುಸ್ತಿನಾ, ಅದು ಗ್ಯಾಸಿಗಾಗಿಯೇ ತಾನೇ?